ಹಾಡನ್ನು ಎರಡು ಸಲ ತೋರಿಸಿದ ಗಿಡ್ಡಯ್ಯ

‘ಹಾಡು ಕದ್ದವನು’ ಎಂಬ ಬರಹ ಹೊತ್ತ ಹಿರಿಯರೊಬ್ಬರ ಫೋಟೊ ನಿಮ್ಮ ಮೊಬೈಲಿಗೆ ಬಂದಾಗ, ಅದನ್ನು ಮುಂದಕ್ಕೆ ಕಳಿಸುವ ಮೊದಲು ಅವರು ಯಾರೆಂದು ಒಮ್ಮೆಯಾದರೂ ಕೇಳಿದಿರಾ?

ಅವರ ಹೆಸರು ಗಿಡ್ಡಯ್ಯ. ವಯಸ್ಸು ಐವತ್ತೊಂಬತ್ತು. ಅರಸೀಕೆರೆಯ ಹಳೆಯ ಚಿತ್ರಮಂದಿರವೊಂದರಲ್ಲಿ ಮೂವತ್ನಾಲ್ಕು ವರ್ಷಗಳಿಂದ ಆಪರೇಟರ್. ಇನ್ನೂ ಬೆಳಕು ಹರಿಯುವ ಮುನ್ನವೇ ಹಾರನಹಳ್ಳಿಯಿಂದ ಸೈಕಲ್ ತುಳಿದು ಬಂದು, ಕ್ಯಾಬಿನ್ನಿನ ಕಿಟಕಿಗೆ ಹೊಸದಾಗಿ ಕೂರಿಸಿದ ಗಾಜನ್ನು ಒರೆಸುತ್ತಿದ್ದಾರೆ. ಹಳೆಯ ಗಾಜನ್ನು ಸಿನಿಮಾ ಅಭಿಮಾನಿಗಳು ಒಡೆದಿದ್ದಾರೆ. “ಯಜಮಾನ್ರು ಮಿಷನ್ ಮುಟ್ಬೇಡ ಅಂದವ್ರೆ. ಗಾಜು ಒರೆಸ್ಬೇಡ ಅಂತ ಹೇಳಿಲ್ವಲ್ಲ” ಎನ್ನುತ್ತಾರೆ. ಸೋಮವಾರದೊಳಗೆ ಗಲಾಟೆ ತಣ್ಣಗಾಗದಿದ್ದರೆ ಬೇರೆ ಆಪರೇಟರನ್ನು ನೋಡಿಕೊಳ್ಳುವುದಾಗಿ ಮಾಲೀಕ ಏಕಾಂತಯ್ಯ ಹೇಳಿಬಿಟ್ಟಿದ್ದಾರೆ.

ಗಿಡ್ಡಯ್ಯ ಮಾಡಿದ ಅಪರಾಧವೇನು? ಇಪ್ಪತ್ತೆರಡು ವರ್ಷಗಳ ಹಿಂದೆ ಲಾರಿ ಚಾಲಕನೊಬ್ಬನ ಕಥೆಯ ಚಿತ್ರ ಬಂದಿತ್ತು. ನಾಯಕ ಘಾಟಿ ಇಳಿಯುತ್ತ ಹಾಡುವ ಹಾಡಿಗೆ ಊರೇ ಮರುಳಾಗಿತ್ತು. ಹಾಡು ಮುಗಿದೊಡನೆ ಗಾಂಧಿ ಕ್ಲಾಸಿನಿಂದ ‘ಒನ್ಸ್ ಮೋರ್’ ಕೂಗು ಏಳುತ್ತಿತ್ತು. ಗಿಡ್ಡಯ್ಯ ಯಂತ್ರ ನಿಲ್ಲಿಸಿ, ರೀಲು ಬಿಚ್ಚಿ, ನಾನೂರು ಅಡಿ ಫಿಲ್ಮನ್ನು ಕೈಯಿಂದಲೇ ಹಿಂದಕ್ಕೆ ಸುತ್ತಿ, ಗುರುತಿಗೆಂದು ತಾವೇ ಸಿಕ್ಕಿಸಿದ್ದ ಕಾಗದದ ಚೂರನ್ನು ಹುಡುಕಿ, ಮತ್ತೆ ಹಾಡು ಬಿಡುತ್ತಿದ್ದರು. ದಿನಕ್ಕೆ ನಾಲ್ಕು ಆಟ, ಹನ್ನೊಂದು ವಾರ. ದೀಪದ ಕಾರ್ಬನ್ ಕಡ್ಡಿ ತಾಕಿ ಸುಟ್ಟ ಎರಡು ಬೆರಳ ತುದಿಗಳು ಇಂದಿಗೂ ಬೆಳ್ಳಗಿವೆ.

ಮೊನ್ನೆ ಶುಕ್ರವಾರ ಬೆಳಗಿನ ಆರಕ್ಕೆ ಅದೇ ಸರಣಿಯ ಮೂರನೆಯ ಭಾಗ ತೆರೆಕಂಡಿತು. ಅದರಲ್ಲಿ ನಾಯಕನಿಗೆ ವಯಸ್ಸಾಗಿದೆ, ಲಾರಿಯನ್ನು ಮಾರಿದ್ದಾನೆ. ಹಳೆಯ ಹಾಡಿನ ಎರಡು ಸಾಲು ಕೇಳಿಸಿ ನಿಂತುಬಿಡುತ್ತದೆ. ಹಿಂದೆ ಕೆಲವೆಡೆ ಆಟ ಬೇಗ ಮುಗಿಸಲು ರೀಲು ಕತ್ತರಿಸುತ್ತಿದ್ದರು. ಇಂದಿನ ಚಿತ್ರ ಬರುವುದೇ ಆಪರೇಟರ್ ಕತ್ತರಿಸಲಾಗದಂತೆ ಬೀಗ ಹಾಕಿದ ಡಿಜಿಟಲ್ ಕಡತವಾಗಿ ಎಂಬುದನ್ನು ಅರಿಯದ ಅಭಿಮಾನಿಗಳು, ಇಲ್ಲೂ ಹಾಗೆಯೇ ಹಾಡಿಗೆ ಕತ್ತರಿ ಬಿದ್ದಿದೆ ಎಂದು ತಿಳಿದರು. ಅಭಿಮಾನಿ ಸಂಘದ ಅಧ್ಯಕ್ಷ, ನಲವತ್ತರ ಕೊಬ್ಬರಿ ವ್ಯಾಪಾರಿ ಚನ್ನೇಶ್, ಮೆಟ್ಟಿಲು ಹತ್ತಿ ಬಂದು ಕ್ಯಾಬಿನ್ನಿನ ಬಾಗಿಲು ಒದ್ದರು.

“ಏನ್ಲಾ ಗಿಡ್ಡ, ಹಾಡೆಲ್ಲಿ ಮಡಗಿದ್ದೀಯ? ಫಸ್ಟ್ ಪಾರ್ಟಲ್ಲಿ ಎಲ್ಡು ಸಲ ಬತ್ತಿತ್ತು ಕಣೋ, ಈ ಕಣ್ಣಲ್ಲೇ ನೋಡಿವ್ನಿ.”

“ಪಿಚ್ಚರಲ್ಲಿ ಇದ್ದಿದ್ದು ಒಂದೇ ಸಲ ಕಣಣ್ಣ,” ಎಂದರು ಗಿಡ್ಡಯ್ಯ, ತಮಗಿಂತ ಹತ್ತೊಂಬತ್ತು ವರ್ಷ ಕಿರಿಯನಿಗೆ. “ಇನ್ನೊಂದು ಸಲ ನಾನು ಬಿಡ್ತಿದ್ದೆ.”

ಎಲ್ಲರೂ ನಕ್ಕರು. ಯಾರೋ ಎಸೆದ ಬಾಟಲಿಗೆ ಗಾಜು ಒಡೆಯಿತು, ಇನ್ನಾರೋ ಗಿಡ್ಡಯ್ಯನವರ ಫೋಟೊ ತೆಗೆದು ‘ಹಾಡು ಕದ್ದವನು’ ಎಂದು ಬರೆದು ಹಂಚಿದರು. ಮಧ್ಯಂತರಕ್ಕೆ ಮೊದಲೇ ಅರ್ಧ ಜನ ಎದ್ದುಹೋಗಿ, ‘ನಮ್ಮ ಚಿತ್ರವನ್ನು ಕೆಡಿಸಿದರು’ ಎಂದು ಮೊಬೈಲಿನಲ್ಲಿ ಬರೆದರು. ಕೊನೆಯವರೆಗೆ ನೋಡಿದ ಗಿಡ್ಡಯ್ಯ ಹೇಳುವುದೇ ಬೇರೆ: “ಚೆನ್ನಾಗೈತೆ. ಲಾರಿ ಮಾರ್ಕಂಡೋನ ಸಂಕಟ ಐತೆ. ಕೂತ್ಕಂಡು ನೋಡ್ಬೇಕು, ಅಷ್ಟೆ.”

ಹಳೆಯ ಚಿತ್ರವನ್ನು ಪ್ರೀತಿಸುವುದು ತಪ್ಪಲ್ಲ. ಆದರೆ ಹದಿನೆಂಟರ ಹರೆಯವನ್ನು ಯಾವ ಚಿತ್ರವೂ ಹಿಂದಕ್ಕೆ ಸುತ್ತಿ ಕೊಡಲಾರದು. ಅದು ಸಿಗಲಿಲ್ಲವೆಂದು ಎದುರಾಡಲಾರದ ಕೂಲಿಯವನ ಮೇಲೆ ಏರಿಹೋಗುವುದು ಅಭಿಮಾನವಲ್ಲ, ಹೇಡಿತನ. ಯಾವ ನೆನಪಿಗಾಗಿ ಇವರು ರೊಚ್ಚಿಗೆದ್ದರೋ ಆ ನೆನಪಿನ ಅರ್ಧ ಭಾಗ ಗಿಡ್ಡಯ್ಯನವರ ಸುಟ್ಟ ಬೆರಳುಗಳ ದುಡಿಮೆ.

ಇನ್ನೂ ನಾಚಿಕೆಗೇಡಿನ ಸಂಗತಿಯಿದೆ. ಚನ್ನೇಶ್ ಮರುದಿನವೇ ಬೇಲೂರಿಗೆ ಹೋಗಿ ಅದೇ ಚಿತ್ರ ನೋಡಿದರು. ಅಲ್ಲಿಯೂ ಹಾಡು ಅದೇ ಎರಡನೆಯ ಸಾಲಿಗೆ ನಿಂತಿತು. ಸತ್ಯ ತಿಳಿದ ಮೇಲೂ ಆ ಫೋಟೊವನ್ನು ಅಳಿಸಿಹಾಕಿಸಲಿಲ್ಲವೇಕೆ ಎಂದರೆ, “ನಾಲ್ಕು ದಿನಕ್ಕೆ ಎಲ್ಲಾ ಮರ್ತೋಯ್ತಾರೆ ಬಿಡಿ ಸಾರ್” ಎನ್ನುತ್ತಾರೆ. ಕಣಕಟ್ಟೆಯಲ್ಲಿ ಶಿಕ್ಷಕಿಯಾಗಿರುವ ಗಿಡ್ಡಯ್ಯನವರ ಮಗಳು ಮಾಲಿನಿಗೆ ಆ ಫೋಟೊ ತಲುಪಿದ್ದು ಅವರ ಶಾಲೆಯ ಪೋಷಕರ ಗುಂಪಿನಿಂದ. ಆ ಮಗಳು ಮರೆಯುವುದು ಎಷ್ಟು ದಿನಕ್ಕೆ?

ಗಿಡ್ಡಯ್ಯ ಯಾರನ್ನೂ ಬೈಯುವುದಿಲ್ಲ. “ಕದ್ದೋನು ಅನ್ನಿಸ್ಕಂಡು ಮೆಟ್ಲು ಇಳೀಬಾರ್ದು. ಅಷ್ಟೇ ನನ್ನ ಆಸೆ.”

ಓದುಗರೇ, ಆ ಫೋಟೊವನ್ನು ಇಂದೇ ಅಳಿಸಿ. ಯಾರ್‍ಯಾರಿಗೆ ಕಳಿಸಿದ್ದಿರೋ ಅವರಿಗೆಲ್ಲ ನಿಜವನ್ನು ಬರೆಯಿರಿ. ನಾಳೆ, ಸೋಮವಾರ, ಮೊದಲ ಆಟಕ್ಕೆ ಮುನ್ನ ಚಿತ್ರಮಂದಿರಕ್ಕೆ ಬಂದು ಏಕಾಂತಯ್ಯನವರ ಎದುರಿಗೆ ಅದನ್ನೇ ಬಾಯಿಬಿಟ್ಟು ಹೇಳಿ. ಒಂದು ಸಲ ಸಾಲದು. ಎರಡು ಸಲ ಹೇಳಿ.