ಅತ್ತೆಯ ರಕ್ತಪರೀಕ್ಷೆ

ನಮ್ಮ ಸೋದರತ್ತೆ ಬರುತ್ತಿದ್ದಾರೆಂದರೆ ನೆಂಟರೆಲ್ಲ ತುಂಬುತೋಳಿನ ಅಂಗಿ ಹುಡುಕುತ್ತಾರೆ. ತಮ್ಮ ಅಣ್ಣನ, ಅಂದರೆ ನಮ್ಮ ದೊಡ್ಡಪ್ಪನ, ಶ್ವಾಸಕೋಶ, ಯಕೃತ್ತು ಎರಡನ್ನೂ ತಿಂದ ಕಾಯಿಲೆ ವಂಶದಲ್ಲೇ ಇಳಿದುಬಂದದ್ದು, ಎಲ್ಲರೂ ರಕ್ತ ಪರೀಕ್ಷೆ ಮಾಡಿಸಬೇಕು ಎಂದು ಡಾಕ್ಟರು ಅಂದದ್ದೇ ತಡ, ಇಡೀ ವಂಶದ ಆರೋಗ್ಯಮಂತ್ರಿಗಿರಿಯನ್ನು ತಾವೇ ವಹಿಸಿಕೊಂಡರು. ತೊಟ್ಟಿಲಿಗೆ ಬಗ್ಗಿದರೂ ಅದೇ ಮಾತು: "ಮೂಗು ನಮ್ಮಪ್ಪಂದೇ ಬಂದಿದೆ, ಇನ್ನೇನೇನು ಬಂದಿದೆಯೋ ನೋಡಿಸ್ಬಿಡಿ." ಎಲ್ಲರೂ ಶರಣಾದರು, ಸಿಗರೇಟು ಬಿಡದ ನನ್ನ ತಮ್ಮನೊಬ್ಬನನ್ನು ಬಿಟ್ಟು. "ಗುಂಡುಕಲ್ಲಿನ ಹಾಗಿದ್ದೀನಿ, ಬಿಡಿ ಅತ್ತೆ" ಎಂದರೆ, "ಆ ಕಲ್ಲಿಂದಾನೇ ಎರಡು ತೊಟ್ಟು ಕೊಡೋ" ಎನ್ನುತ್ತಾರೆ. ಅವನ ಮನೆ ಮೇಲಿನ ಮಹಡಿಯಲ್ಲಿದೆ. ವಾರವಾರವೂ ಮೆಟ್ಟಿಲು ಹತ್ತುತ್ತಾರೆ, ನಡುನಡುವೆ ನಿಂತು ಗೋಡೆಯ ಬಣ್ಣವನ್ನೂ ಕಟ್ಟಿದವನ ಬುದ್ಧಿಯನ್ನೂ ಸಾವಕಾಶವಾಗಿ ಹೀಯಾಳಿಸುತ್ತಾರೆ. ಅದೊಂದು ಚಟವೆಂದು ನಗುತ್ತಿದ್ದೆವು. ನಿನ್ನೆ ಅವರ ಹಿಂದೆಯೇ ಹತ್ತಿದೆ. ಕಂಬಿ ಹಿಡಿದು ನಿಂತಿದ್ದರು. ಗೋಡೆಯ ಕಡೆ ನೋಡುತ್ತಲೇ ಇರಲಿಲ್ಲ, ಬಾಯಿ ತೆರೆದು ಉಸಿರನ್ನು ಎಳೆದೆಳೆದು ತಂದುಕೊಳ್ಳುತ್ತಿದ್ದರು. "ಮೊದಲು ಪರೀಕ್ಷೆ ಮಾಡಿಸಿದ್ದು ನಾನೇ ಕಣೋ. ಇದೆ ಅಂತ ಬಂತು. ನಂಗೆ ಗೊತ್ತಾಗೋದು ತಡವಾಯ್ತು, ಅವನಿಗೆ ಆಗ್ಬಾರ್ದು." ಇಷ್ಟು ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, ಉಳಿದ ಮೆಟ್ಟಿಲು ಹತ್ತಿ ಬೆಲ್ ಒತ್ತಿದರು. ಬಾಗಿಲು ತೆರೆಯುವ ತನಕ ಬೆರಳು ತೆಗೆಯಲಿಲ್ಲ.