ಒಬ್ಬಳೇ ಹಾಲುಕ್ಕಿಸಲು ಹೋದದ್ದು

ಕೊಂಡಾಪುರದಲ್ಲಿ ದಿನಕ್ಕೊಂದು ಐಟಿ ಕಂಪನಿ ಬಾಗಿಲು ತೆರೆಯುತ್ತಿದ್ದ ಕಾಲ. ನನ್ನ ಆಫೀಸೂ ಅಲ್ಲೇ. ಅಲ್ಲಿಯ ಬಾಡಿಗೆ ನನ್ನ ಸಂಬಳಕ್ಕೆ ಎಟುಕದೆ ಚಂದಾನಗರದ ಒಳಗಲ್ಲಿಯಲ್ಲಿ ಒಂದು ಬೆಡ್‌ರೂಮಿನ ಮನೆ ಹಿಡಿದೆ. ಓದು ಶುರುವಾದಾಗಿನಿಂದ ಹಾಸ್ಟೆಲು, ಪೀಜಿಗಳಲ್ಲೇ ಕಳೆದವಳಿಗೆ ತನ್ನದೇ ಒಂದು ಬಾಗಿಲು ಎನ್ನುವುದು ಸಣ್ಣ ಸಂಗತಿಯಲ್ಲ. ಮಾಲೀಕರು ಮೇಲಿನ ಮನೆಯಲ್ಲಿದ್ದರು. ಕಲಬುರಗಿ ಕಡೆಯವರು, ನನ್ನಂತೆಯೇ ಆ ತೆಲುಗು ಊರಿಗೆ ಬಂದು ನೆಲೆಸಿದ ಕನ್ನಡದವರು. ಯಜಮಾನರು ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು. ಮನೆಯ ವ್ಯವಹಾರವೆಲ್ಲ ಅವರ ಹೆಂಡತಿಯದು.

"ಒಬ್ಬಾಕಿ ಹುಡುಗಿಗಿ ಮನಿ ಬ್ಯಾಡ ಅಂದ್ರು ಇವ್ರು. ನಮ್ಮ ಭಾಷೀ ಹುಡುಗಿ, ಇರ್ಲಿ ಅಂದೆ," ಎನ್ನುತ್ತ ಆಕೆ ಬೀಗದಕೈ ಕೊಟ್ಟರು. "ನಾಳಿ ಮುಂಜಾನಿ ಹಾಲು ಉಕ್ಕಿಸವ್ವಾ. ನಿಮ್ಮವ್ರು ಯಾರ್ ಬರ್ತಾರ?"

ಅಮ್ಮನಿಗೆ ಶಾಲೆಯ ಪರೀಕ್ಷೆ ಕೆಲಸ. ಆಫೀಸಿನಲ್ಲಿ ಮನೆಗೆ ಕರೆಯುವಷ್ಟು ಹತ್ತಿರದವರು ಯಾರೂ ಇರಲಿಲ್ಲ.

"ಯಾರೂ ಬರಲ್ಲ ಆಂಟಿ."

"ಹಂಗಾರ ನಾ ಬರ್ತೀನಿ. ಒಬ್ಬಾಕೀನ ಉಕ್ಕಿಸಬಾರ್ದು."

'ಬನ್ನಿ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನಾಲಿಗೆ ಸುಮ್ಮನಿರುವುದೆಂತು?

"ಉಕ್ಕಿದ್ರೆ ಒಳ್ಳೇದಾಗೋದು ನಿಜ ಅಂದ್ರೆ, ನೋಡೋರು ಇರಲಿ ಬಿಡಲಿ ಆಗ್ಬೇಕಲ್ವಾ? ನೋಡೋರು ಇದ್ರೇನೇ ಆಗೋದಾದ್ರೆ ಅದು ಹಾಲಿನ ಮಹಿಮೆ ಅಲ್ಲ. ಅದೂ ಹೋಗ್ಲಿ, ಮೈಮರೆತು ದಿನಾ ಹಾಲುಕ್ಕಿಸೋರ ಮನೇಲಿ ಲಕ್ಷ್ಮಿ ಕಾಲು ಮುರ್ಕೊಂಡು ಬಿದ್ದಿರಬೇಕಿತ್ತು!"

ಪೇಪರಿನ ಹಿಂದಿನಿಂದ ಯಜಮಾನರು ಹೆಂಡತಿಯತ್ತ ನೋಡಿ ನಕ್ಕರು. "ಸೋತಿ ನೋಡು ನೀ."

"ಆತು ತಾಯಿ, ನೀನ ಗೆದ್ದಿ," ಎಂದರು ಆಕೆ. "ವಕೀಲಕಿ ಆಗಬೇಕಿತ್ತು ನೀ. ನಾ ಬರಂಗಿಲ್ಲ ತಗೋ."

ಬೀಗುತ್ತಲೇ ಮೆಟ್ಟಿಲಿಳಿದೆ.

ಬೆಳಿಗ್ಗೆ ಹಾಲಿನ ಪ್ಯಾಕೆಟ್ ತಂದೆ. ಕಾಫಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕಾಫಿಗೆಂದು ಅಷ್ಟು ಚಿಕ್ಕ ಪಾತ್ರೆಗೆ ಅಂಚಿನತನಕ ಹಾಲು ಯಾರೂ ಸುರಿಯುವುದಿಲ್ಲ. ಇನ್ನೂ ಖಾಲಿಯಿದ್ದ ಅಡುಗೆಮನೆಯಲ್ಲಿ ಸ್ಟೌ ಮುಂದೆ ನಿಂತೆ. ಹಾಲು ಏರಿತು, ನೊರೆ ಅಂಚಿಗೆ ಬಂತು, ನನ್ನ ಕೈ ತಾನಾಗಿಯೇ ಹೋಗಿ ಉರಿ ಆರಿಸಿತು. ಹಾಲಿಟ್ಟು ಅತ್ತಿತ್ತ ನೋಡಬೇಡ, ಉಕ್ಕೀತು ಎಂದು ಅಮ್ಮನಿಂದ ಬೈಸಿಕೊಂಡು ಬೆಳೆದ ಕೈ ಅದು.

ಮತ್ತೆ ಹಚ್ಚಿದೆ. ಮತ್ತೆ ಅದೇ ಆಯಿತು.

ಆಗ ನೆನಪಾಯಿತು. ನಾನು ಕಂಡ ಪ್ರತಿ ಗೃಹಪ್ರವೇಶದಲ್ಲೂ ಯಾರಾದರೊಬ್ಬರು ಒಲೆಯ ಮುಂದಿನವಳ ಕೈ ಹಿಡಿದು "ಬಿಡೇ, ಬಿಡು, ಉಕ್ಕಲಿ!" ಎಂದು ಕೂಗುತ್ತಿದ್ದರು. ಸುಮ್ಮನೆ ಗದ್ದಲ ಎಂದುಕೊಂಡಿದ್ದೆ. "ಬಿಡು," ಎಂದು ಬಾಯಿಬಿಟ್ಟು ಹೇಳಿ ನೋಡಿದೆ. ಖಾಲಿ ಗೋಡೆಗಳಿಗೆ ತಗುಲಿ ನನ್ನ ದನಿ ನನಗೇ ಕೇಳಿಸಿತು.

ಮೇಲಿನ ಮನೆಯ ಬಾಗಿಲು ತಟ್ಟಿದೆ. ತೆರೆದವರು ಯಜಮಾನರು.

"ಆಂಟಿ ಇದಾರಾ?"

"ಶಂಶಾಬಾದಕ್ಕ ಹೋಗ್ಯಾಳವ್ವಾ, ಮಗಳ ಮನಿಗಿ. ನಿನ್ನ ಸಲುವಾಗೇ ನಿಲ್ಲಾಕಿ ಇದ್ಳು. ನೀನ ಬ್ಯಾಡಂದೆಲ್ಲಾ, ನಸುಕಿನ ಬಸ್ಸಿಗಿ ಹೋದ್ಳು. ಯಾಕ, ಏನರ ಬೇಕಿತ್ತೇನು?"

ಬನ್ನಿ ಎಂದು ಅವರನ್ನಾದರೂ ಕರೆಯಬಹುದಿತ್ತು. ಅದಕ್ಕೂ ಮೊದಲೇ ನಾಲಿಗೆ ಬೇರೆ ಮಾತು ಹುಡುಕಿಕೊಂಡಿತ್ತು.

"ಏನಿಲ್ಲ ಅಂಕಲ್. ನಲ್ಲಿ ನೀರು ಎಷ್ಟೊತ್ತಿಗೆ ಬರುತ್ತೆ ಅಂತ ಕೇಳೋಣ ಅಂತ."

"ಆಗಳೇ ಬಂದು ಹೋತಲ್ಲಾ. ಹಿಡೀಲಿಲ್ಲೇನು?"

ಇಲ್ಲ ಎಂದು ಕೆಳಗಿಳಿದು ಬಂದೆ. ಹಾಲಿನ ಮೇಲೆ ಕೆನೆ ಕಟ್ಟಿತ್ತು. ಬೆರಳಿನಿಂದ ಸರಿಸಿ, ನಿಂತುಕೊಂಡೇ ಕಾಫಿ ಬೆರೆಸಿದೆ.