ಹೊಶಿನಾ ಮೇಷ್ಟ್ರ ಸಿಹಿ ಡಬ್ಬಿ

ಏ ಕೆಳಬೀದಿಯವರೇ, ಕೇಳಿಸ್ತಾ? ನಮ್ಮ ಮೆಟ್ಟಿಲುಬೀದಿಯ ಹೊಶಿನಾ ಮೇಷ್ಟ್ರ ಸುದ್ದಿ ಕೇಳಿ! ನಮ್ಮ ಓನೊಮಿಚಿ ಊರಲ್ಲಿ ಕಥೆ ಬರೆಯುವವರು ಬೇರೆಯವರೂ ಇರಬಹುದು. ಆದರೆ ಪಕ್ಕದ ಮನೆಯ ಗೊರಕೆ, ಎದುರು ಮನೆಯ ಉಪ್ಪಿನಕಾಯಿ ಜಗಳ, ಇವನ್ನೇ ಕಥೆ ಮಾಡಿ ಪತ್ರಿಕೆಗೆ ಕಳಿಸುವವರು ಇವರೊಬ್ಬರೇ. ಕಳಿಸುವ ಮೊದಲು ಮಾತ್ರ ಸಿಹಿ ಡಬ್ಬಿ ಹಿಡಿದು ಆ ಮನೆಯ ಬಾಗಿಲಲ್ಲಿ ಕ್ಷಮಿಸಿ ಅಂತ ಸೊಂಟ ಮುರಿಯುವಷ್ಟು ಬಾಗುತ್ತಾರೆ. ಮನೆಯವರು "ಪರವಾಗಿಲ್ಲ ಬಿಡಿ" ಅಂದರೆ ಮಾತ್ರ ಕಥೆ ಅಂಚೆಗೆ. ಡಬ್ಬಿ ದೊಡ್ಡದಾದಷ್ಟೂ ಕಥೆಯಲ್ಲಿ ಆ ಮನೆಯವರ ಮಾನ ಹೆಚ್ಚು ಹೋಗಿದೆ ಎಂದೇ ಅರ್ಥ. ಟೋಫು ಅಂಗಡಿಯ ಮಿತ್ಸುಯೊ ಅತ್ತೆಯಂತೂ ಡಬ್ಬಿಯನ್ನು ಕೈಯಲ್ಲೇ ತೂಗಿ, "ಏನ್ ಮೇಷ್ಟ್ರೇ, ಇಷ್ಟು ಭಾರ! ನನ್ನನ್ನ ರಾಕ್ಷಸಿ ಮಾಡಿದೀರಾ?" ಎಂದು ರೇಗಿಸಿ, "ಪರವಾಗಿಲ್ಲ ಬಿಡಿ" ಅನ್ನುತ್ತಲೇ ಒಂದು ಸಿಹಿಯನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ಇವತ್ತು ಸಂಜೆ ಮೇಷ್ಟ್ರು ಎರಡು ಕೈ ಸಾಲದಷ್ಟು ದೊಡ್ಡ ಡಬ್ಬಿ ತಂದರು. "ಅಯ್ಯೋ, ಯಾರ ಮನೆ ಗ್ರಹಚಾರನೋ!" ಎಂದಳು ಅತ್ತೆ. ಬಾಗಿಲು ತೆಗೆದುಕೊಡಲು ನಾನು ಜೊತೆಗೆ ಹೋದೆ. ಅವರು ಹೋದದ್ದು ತಮ್ಮ ಮನೆಗೇ. ಹೋದ ಚಳಿಗಾಲದಲ್ಲಿ ತೀರಿಕೊಂಡ ಹೆಂಡತಿ ಯಾಸುಯೊ ಅವರ ಫೋಟೊ ಮುಂದೆ ಡಬ್ಬಿ ಇಟ್ಟು, ಅದರ ಮೇಲೆ ಹೊಸ ಕಥೆ ಇಟ್ಟು, ಊದುಬತ್ತಿ ಹಚ್ಚಿ, ಗಂಟೆ ಬಾರಿಸಿ, ಹಣೆಯನ್ನು ಚಾಪೆಗೆ ತಾಗಿಸಿ, "ನಿನ್ನ ಬಗ್ಗೆ ಬರೆದುಬಿಟ್ಟೆ ಕಣೇ. ಪರವಾಗಿಲ್ವಾ?" ಎಂದರು. ಊದುಬತ್ತಿ ಆರುವವರೆಗೂ ಹಾಗೇ ಕಾದರು. ಆಮೇಲೆ ಎದ್ದು ಪತ್ರಿಕೆಗೆ ಫೋನ್ ಮಾಡಿ, "ಕ್ಷಮಿಸಿ, ಈ ತಿಂಗಳು ಕಥೆ ಇಲ್ಲ. ಮನೆಯವಳು ಇನ್ನೂ ಒಪ್ಪಿಲ್ಲ" ಎಂದರು.